ಉದ್ದೇಶ ಸ್ಪಷ್ಟವಿಲ್ಲ

ಗೈಡ್ ಮೇಡಮ್ಮು ನನ್ನ ಸಿನಾಪ್ಸಿಸ್ ತಿರುಗಿ ಕೊಟ್ಟಾರ.
ಮೂರನೇ ಪುಟದಾಗ ಕೆಂಪು ಶಾಯಿ:
'ಉದ್ದೇಶ ಸ್ಪಷ್ಟವಿಲ್ಲ.'
ಅಧ್ಯಯನದ ಉದ್ದೇಶ ಅಂತ ಬರದಿಲ್ಲ,
ಬರೇ ಉದ್ದೇಶ.
ಯಾರದು ಅಂತ ನಾ ಕೇಳಲಿಲ್ಲ.

ತೊರವಿ ಬಸ್ಸಿನ್ನೂ ಬಂದಿಲ್ಲ.
ಗೇಟಿನ ಮುಂದ ಶೇಂಗಾ ಹುರಿಯೋ ಮಲಕವ್ವ
ಹೋದ ಇಲೆಕ್ಷನ್ನಿನ ಕರಪತ್ರ ಹರದು ಪೊಟ್ಲಿ ಕಟ್ಟತಾಳ.
ನನ್ನ ಪಾಲಿಗೆ ಅರ್ಧ ಮೀಸಿ ಬಂತು,
ಜೋಡಿಸಿದ ಎರಡು ಅಂಗೈ,
ಮತ್ತ 'ನಿಮ್ಮ ಮನೆ' ಅನ್ನೋ ಅಕ್ಷರ.
ಮಗ ಹರದು ಹೋಗಿದ್ದ.
ಶೇಂಗಾ ಬಿಸಿ ಇದ್ದೂ.

ನನ್ನ ವಿಷಯ, ಪಂಚಾಯ್ತಿ ನಡಾವಳಿ ಪುಸ್ತಕದಾಗ
ಹೆಣ್ಮಕ್ಕಳ ಸಹಿ.
ಹೋದ ತಿಂಗಳ ಬಬಲೇಶ್ವರ ಕಡೆ ಒಂದು ಊರಿಗೆ ಹೋಗಿದ್ದೆ.
ಅಧ್ಯಕ್ಷರೆಲ್ಲಿ ಅಂದ್ರ
ಅವರ ಗಂಡ ಎದ್ದು ನಿಂತು 'ನಾನಽ' ಅಂದ.
ಸುಳ್ಳು ಹೇಳಾಕತ್ತೀನಿ ಅಂತ ಆತಗ ಅನಸಿರಲೇ ಇಲ್ಲ.
ಖುರ್ಚಿ ಆತನ ಅಳತಿಗೆ ಸವದಿತ್ತು.
ಸಿಟ್ಟಿಲೆ ಎರಡು ಪುಟ ಬರಕೊಂಡೆ.

ಹೊಳ್ಳಿ ಬರುವಾಗ ಹಿತ್ತಲದಾಗ ಎಮ್ಮಿ ಮೈ ತಿಕ್ಕೊಂತ
ಅಧ್ಯಕ್ಷಿ ಶಿವಲೀಲಾ ಸಿಕ್ಕಳು.
'ಸಹಿ ಅವರಽ ಮಾಡತಾರ್ರಿ. ಶಿಕ್ಕಾ ನನ್ನ ಹಂತೇಕ ಅದ'
ಅಂದು ಒಳಗ ಕರದು ಜೋಳದ ಗಡಗಿ ತೋರಿಸಿದಳು.
ಮೊಳಕೈ ತನಕ ಕೈ ಹಾಕಿ
ಅದು ಅಲ್ಲೇ ಅದ ಅಂತ ಮುಟ್ಟಿ ನೋಡಿ
ನಕ್ಕಳು.
ಇದನ್ನ ಯಾವ ಕೋಷ್ಟಕದಾಗ ಹಾಕಲಿ?

ನನ್ನ ರೂಮಿನ ದಾನಮ್ಮ ಸೈಕಲ್ ಹೊಡಿಯಾಕಿ.
ಕ್ರಿಕೆಟ್ ಇದ್ದ ದಿನ ಇಡೀ ಹಾಸ್ಟೆಲ್ ಟಿವಿ ಮುಂದ ಕಿರಚತದ.
ಈಕಿ ಮೂಲ್ಯಾಗ ಕುಂತು ಚೈನಿಗೆ ಎಣ್ಣಿ ಬಿಡತಾಳ, ಹನಿ ಹನಿ,
ಕೂಸಿನ ಕಿವಿಗೆ ಬಿಟ್ಟಂಗ.
ವರ್ಷಾತು, ಎಂಟು ಸೆಕೆಂಡ್ ಕಡಿಮಿ ಮಾಡಬೇಕು ಅನ್ನಾಕಿ.
ಐದು ಆಗ್ಯಾವ.
'ಉಳಿದ ಮೂರು ಸಿಕ್ಕ ಮ್ಯಾಲ?' ಅಂದೆ.
ಮೀನಗಂಡ ತಿಕ್ಕೊಂತ ಅಂದಳು,
'ಮತ್ತೆರಡು ಹುಡುಕತೀನಿ.'
ಆಕಿ ಸಿನಾಪ್ಸಿಸ್ ಇಷ್ಟಽ.

ಮ್ಯಾಲಿನ ಮಾಳಗಿ ಶಾಹಿದಾ ಈ ವಾರ ಪೂರಾ
ಮಾರವಾ ಹಿಡದಾಳ.
ಸಂಜಿಮುಂದ ಬಟ್ಟಿ ತಗಿಯಾಕ ಹೋದ್ರ ಕೇಳತದ.
ನಿ ಯಿಂದ ಜಿಗದು ರೇ ಮ್ಯಾಲ ಕೂಡತಾಳ,
ಸಾ ದ ಬಾಗಲ ಮುಂದ ಹಾದು ಹೋಗತಾಳ,
ದೀಪ ಹಚ್ಚಿದ್ದು ಕಾಣತದ,
ಒಳಗ ಹೋಗೂದಿಲ್ಲ.
ನಂಗ ಸ್ವರ ತಿಳಿಯೂದಿಲ್ಲ. ಹೊಟ್ಟಿ ಮಾತ್ರ ಕಲಸತದ.
'ಏ, ಒಮ್ಮೆ ಸಾ ಹಚ್ಚಬಾರದೇನಽ' ಅಂತ ಒದರಿದೆ.
ಮ್ಯಾಲಿಂದ ಬಗ್ಗಿ ನೋಡಿ,
'ಹಚ್ಚತೀನಿ. ಲಗೂ ಹಚ್ಚಿದ್ರ ರಾಗ ಸಾಯತದ.'

(ಬಾರಾಕಮಾನ್ ಹೆಸರು ಇಲ್ಲಿ ತರಬಾರದು ಅಂತ ಆಣಿ ಮಾಡೀನಿ.
ಈ ಊರಾಗ ಕೆಲಸ ಮುಗಿಸದವರೆಲ್ಲಾ
ಅದರ ನೆರಳಿಗೇ ಹೋಗಿ ಕೂಡತಾರ.)

ರಾತ್ರಿ ಲ್ಯಾಪ್‌ಟಾಪ್ ತಗದು ಬರದೆ:
ಉದ್ದೇಶ ೧. ಮಹಿಳಾ ಸದಸ್ಯರ ಸಹಭಾಗಿತ್ವವನ್ನು ವಿಶ್ಲೇಷಿಸುವುದು.
ಅಳಿಸಿದೆ.
ಉದ್ದೇಶ ೧. ಜೋಳದ ಗಡಗಿ.
ಅದನ್ನೂ ಅಳಿಸಿದೆ.
ಒಂದು ಅನ್ನೋ ಅಂಕಿ ಉಳೀತು, ಮುಂದೊಂದು ಚುಕ್ಕಿ,
ಮಿಣಮಿಣ ಅನ್ನೋ ಗೆರಿ.

ಬೆಳಗಿನ ನಾಲ್ಕೂವರಿಗೆ ದಾನಮ್ಮ ಲೈಟ್ ಹಾಕಿದಳು.
ಪಂಪಿನ ಸಪ್ಪಳ. 'ಗಾಳಿ ಸಾಕೇನು ನೋಡು'
ಅಂತ ಹಿಂದಿನ ಗಾಲಿ ನನ್ನ ಕಡೆ ತಿರುವಿದಳು.
ನಿದ್ದಿಗಣ್ಣಾಗ ಹೆಬ್ಬಟ್ಟು ಒತ್ತಿದೆ. ಗಟ್ಟಿ ಇತ್ತು.
'ಹೋಗು' ಅಂದೆ.

ಸೊಲ್ಲಾಪುರ ರೋಡಿನ ಕತ್ತಲಿಗೆ ಆಕಿ ಹ್ವಾದಳು.
ಬ್ಯಾಟರಿ ಹುಡುಕೋ ಗದ್ಲದಾಗ ಕೈ ತಾಗಿತ್ತೇನೋ,
ಮೂರನೇ ಪುಟದ ಮ್ಯಾಲ, ಕೆಂಪು ಸಾಲಿನ ತೆಳಗ,
ಎಣ್ಣಿ ಮಸಿಯ ಒಂದು ಕರೀ ಹೆಬ್ಬಟ್ಟು.
ಒರಸಾಕ ಹೋಗಿ ಬಿಟ್ಟೆ.
ಆರಕ್ಕ ಅಲಾರಮ್ ಇಟ್ಟು
ಮತ್ತ ಮಲಗಿದೆ.